ಅಪ್ಪನ ಟ್ಯಾಬ್‌ಗೆ ಎಷ್ಟು ಕೊಡಬಹುದು?

ಅಪ್ಪನಿಗೆ 74 ವರ್ಷ. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ತಿಪಟೂರಿನ ಮನೆಯಲ್ಲಿ ಬೆಳಗ್ಗೆ ಪೇಪರ್ ಮುಗಿದ ಮೇಲೆ ಅವರಿಗೆ ಮಧ್ಯಾಹ್ನವಿಡೀ ಓದಲು ಏನಾದರೂ ಬೇಕೇ ಬೇಕು. ಮೊಣಕಾಲು ನೋವು ಶುರುವಾದ ಮೇಲೆ ಲೈಬ್ರರಿಗೆ ಹೋಗಿ ಬರುವುದು ನಿಂತಿದೆ. ಹೋದ ಯುಗಾದಿಗೆ ಊರಿಗೆ ಹೋದಾಗ ನನ್ನ ಮೊಬೈಲಿನಲ್ಲಿ ಒಂದು ಹಳೆಯ ಪುಸ್ತಕ ತೆಗೆದು ಅವರ ಕೈಗೆ ಕೊಟ್ಟೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಎಷ್ಟೋ ಕನ್ನಡ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತವೆ, ಅದರಲ್ಲಿ ಒಂದು. ಅಪ್ಪ ಮೊಬೈಲನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಸಾಲಿನ ಕೊನೆಗೆ ಬಂದಾಗಲೆಲ್ಲ ಪುಟವನ್ನು ಬೆರಳಿನಿಂದ ಎಳೆದು ಎಳೆದು ಎರಡು ಪುಟ ಓದಿದರು. "ಇದನ್ನ ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೇಲಿ ಓದಿದ್ದೆ ಕಣೇ" ಅಂದರು. ಆಮೇಲೆ, "ಇದಕ್ಕಿಂತ ಸ್ವಲ್ಪ ದೊಡ್ಡದು ಎಷ್ಟಾಗುತ್ತೆ?"

ಐದು ಸಾವಿರಕ್ಕೂ ಸಿಗುತ್ತೆ, ಐವತ್ತು ಸಾವಿರಕ್ಕೂ ಸಿಗುತ್ತೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಾಗಾದ್ರೆ ಮೂವತ್ತು ಪುಸ್ತಕದ ದುಡ್ಡು ಕೊಡಬಹುದು" ಅಂದರು. ಈಗ ಒಂದು ಕಾದಂಬರಿ ಕೊಂಡರೆ 400 ರೂಪಾಯಿ ಹತ್ತಿರ ಆಗುತ್ತೆ, ವರ್ಷಕ್ಕೆ ಅವರು ಓದುವುದು ಹೆಚ್ಚುಕಡಿಮೆ ಮೂವತ್ತು. ಅಂದರೆ 12 ಸಾವಿರ. ಒಂದು ವರ್ಷ ಬಾಳಿದರೆ ದುಡ್ಡು ವಸೂಲಿ, ಆಮೇಲಿನದೆಲ್ಲ ಲಾಭ ಅನ್ನುವುದು ಅವರ ಲೆಕ್ಕ. ನಾನು ವಾರಗಟ್ಟಲೆ ಕೂತು ಓದಿದ ಯಾವ ಸಲಹೆಗಿಂತಲೂ ಇದು ನನಗೆ ಹಿಡಿಸಿತು.

ತೀರಾ ಅಗ್ಗದ್ದು ಬೇಡ ಅಂತ ನಾನು ಮೊದಲೇ ನಿರ್ಧಾರ ಮಾಡಿದ್ದೆ. ಅದಕ್ಕೆ ಕಾರಣ ಇದೆ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆಕಾಶ್ ಟ್ಯಾಬ್ಲೆಟ್ ಬಿಡುಗಡೆ ಮಾಡಿದ್ದು ನೆನಪಿದೆ ಅಲ್ವಾ? ಕಪಿಲ್ ಸಿಬಲ್ ಮಂತ್ರಿ ಆಗಿದ್ದ ಕಾಲ. 7 ಇಂಚಿನ ಪರದೆ, 256 ಎಂಬಿ ರ‍್ಯಾಮ್, ಅಂಗಡಿಗೆ ಬರುವ ಮಾದರಿಗೆ 2,999 ರೂಪಾಯಿ. ಓದುವ ಮಕ್ಕಳ ಕೈಗೆಲ್ಲ ಒಂದೊಂದು ಬರುತ್ತೆ ಅನ್ನುವ ಆಸೆ ಆಗ ಎಲ್ಲರಲ್ಲೂ ಇತ್ತು, ನನ್ನಲ್ಲೂ ಇತ್ತು. ನನಗೆ ಅದು ಸಿಗಲಿಲ್ಲ. ಮುಂದಿನ ವರ್ಷ ಬೇರೆ ಯಾವುದೋ ಕಂಪನಿಯದು ನಾಲ್ಕು ಸಾವಿರ ಕೊಟ್ಟು ತಂದೆ. ಉಗುರಿನಿಂದ ಒತ್ತಿದರೆ ಮಾತ್ರ ಕೆಲಸ ಮಾಡುವ ಪರದೆ ಅದು. ಕನ್ನಡ ಪುಟ ತೆರೆದರೆ ಸಾಲುಸಾಲಾಗಿ ಖಾಲಿ ಚೌಕಗಳು. ಎಂಟು ತಿಂಗಳಿಗೆ ಚಾರ್ಜ್ ಆಗುವುದೇ ನಿಂತಿತು. ಆಗಿನ ನನ್ನ ಸಂಬಳಕ್ಕೆ ನಾಲ್ಕು ಸಾವಿರ ಸಣ್ಣ ಮೊತ್ತ ಆಗಿರಲಿಲ್ಲ. ಈಗಲೂ ಅದು ಬೀರುವಿನಲ್ಲಿದೆ. ಬಿಸಾಡಲು ಮನಸ್ಸು ಬಂದಿಲ್ಲ.

ಒಂದು ಶನಿವಾರ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಇಳಿದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್ಪಿ ರೋಡಿಗೆ ನಡೆದೆ. ಬ್ಯಾಗಿನಲ್ಲಿ ಎರಡು ವಸ್ತು ಇಟ್ಟುಕೊಂಡಿದ್ದೆ. ಅಪ್ಪನ ಹತ್ತಿರದಿಂದ ತಂದ ಹಳೆಯ ಕ್ರೌನ್ 1/8 ಅಳತೆಯ ಪುಸ್ತಕ ಒಂದು, ಸ್ಟೀಲ್ ಸ್ಕೇಲ್ ಒಂದು. ಮೊಬೈಲಿನಲ್ಲಿ ಅದೇ ಪುಸ್ತಕದ ಸ್ಕ್ಯಾನ್ ಇತ್ತು.

ಸ್ಕ್ಯಾನ್ ಮಾಡಿದ ಪುಸ್ತಕದ ಕಷ್ಟ ಏನೆಂದರೆ ಅದರಲ್ಲಿ ಅಕ್ಷರವನ್ನು ಮಾತ್ರ ದೊಡ್ಡದು ಮಾಡಲು ಬರುವುದಿಲ್ಲ. ಅದು ಪುಟದ ಫೋಟೋ. ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗುತ್ತೆ, ಮತ್ತೆ ಎಳೆಯಬೇಕು. ಹಾಗಾಗಿ ಇಡೀ ಪುಟ ಪುಸ್ತಕದಷ್ಟೇ ದೊಡ್ಡದಾಗಿ ಒಂದೇ ಸಲ ಕಾಣಬೇಕು. ಕ್ರೌನ್ ಪುಸ್ತಕದ ಅಗಲ ಸುಮಾರು ನಾಲ್ಕೂಮುಕ್ಕಾಲು ಇಂಚು, ಎತ್ತರ ಏಳೂಕಾಲು. 7 ಇಂಚಿನ ಅಗ್ಗದ ಟ್ಯಾಬ್ ಮೇಲೆ ಸ್ಕೇಲ್ ಇಟ್ಟರೆ ಅಗಲ ಮೂರೂವರೆ ಇಂಚು ಮಾತ್ರ. ಗ್ಯಾಲಕ್ಸಿ ಟ್ಯಾಬ್ ಎ9 ಅನ್ನುವ 8.7 ಇಂಚಿನದು ನಾಲ್ಕೂವರೆ ಹತ್ತಿರ ಬಂತು, ಎತ್ತರ ಏಳೂವರೆ. ಪುಟದ ಬಿಳಿ ಅಂಚನ್ನು ಕತ್ತರಿಸಿ ತೋರಿಸುವ ಆಪ್ ಹಾಕಿದರೆ ಅಕ್ಷರ ಪುಸ್ತಕದಲ್ಲಿರುವುದಕ್ಕಿಂತ ಒಂದು ಕೂದಲೆಳೆ ದೊಡ್ಡದಾಗಿಯೇ ಕಂಡಿತು.

ಇನ್ನು ಒತ್ತಕ್ಷರ. ಕನ್ನಡ ಓದುವವರಿಗೆ ಇದು ಮುಖ್ಯ, ಯಾವ ವಿಮರ್ಶೆಯಲ್ಲೂ ಇದನ್ನು ಬರೆಯುವುದಿಲ್ಲ. ಪರದೆಯ ಅಗಲಕ್ಕೆ 600 ಚುಕ್ಕೆ (ಪಿಕ್ಸೆಲ್) ಇರುವ ಆ ಚಿಕ್ಕ ಟ್ಯಾಬ್‌ನಲ್ಲಿ, ಸಾಲಿಗೆ 30 ಅಕ್ಷರ ಅಂದುಕೊಂಡರೆ, ಒಂದು ಅಕ್ಷರಕ್ಕೆ ಸಿಗುವುದು 20 ಚುಕ್ಕೆ. ಅದರಲ್ಲೇ ಅಕ್ಷರ, ಅದರ ಕೆಳಗೆ ಇನ್ನೂ ಚಿಕ್ಕದಾಗಿ ಒತ್ತು. 'ರಾಷ್ಟ್ರ' ಅನ್ನುವ ಪದದಲ್ಲಿ ಷ ಕೆಳಗಿನ ಎರಡು ಒತ್ತೂ ಸೇರಿ ಒಂದು ಕಪ್ಪು ಉಂಡೆ ಆಗಿತ್ತು. 800 ಚುಕ್ಕೆ ಇರುವ ಎ9ರಲ್ಲಿ ಟ ಒತ್ತು ಬೇರೆ, ರ ಒತ್ತು ಬೇರೆ ಕಂಡವು. ಅಷ್ಟೇನೂ ಚೂಪಾಗಿರಲಿಲ್ಲ, ಆದರೆ ಕಣ್ಣು ತಡವರಿಸಲಿಲ್ಲ.

ಪಕ್ಕದ ಅಂಗಡಿಯಲ್ಲಿ ಐಪ್ಯಾಡ್ ಮಿನಿ ಕೂಡ ನೋಡಿದೆ. 2024ರ ಕೊನೆಗೆ ಬಂದ ಮಾದರಿ, ಕಂಪನಿ ಬೆಲೆ 49,900ರಿಂದ ಶುರು. ಅಗಲಕ್ಕೆ 1,488 ಚುಕ್ಕೆ, ತೂಕ 300 ಗ್ರಾಂಗಿಂತ ಕಡಿಮೆ. ಕನ್ನಡ ಪೇಪರಿನ ಇ-ಪೇಪರ್ ತೆರೆದಾಗ ನಿಜವಾಗಲೂ ಕೈಬಿಡಲು ಮನಸ್ಸಾಗಲಿಲ್ಲ. ಅಷ್ಟು ಚೆನ್ನಾಗಿ ಅಕ್ಷರ ಕಂಡವು. ಆಮೇಲೆ ಅಪ್ಪನ ಪುಸ್ತಕ ತೆರೆದೆ. ಸ್ಕ್ಯಾನೇ ಮಂಕು. ಹಳೆಯ ಮೊಳೆ ಅಚ್ಚು, ಕೆಲವು ಕಡೆ ಮಸಿ ಹರಡಿದೆ. ಐವತ್ತು ಸಾವಿರದ ಪರದೆ ಆ ಮಂಕನ್ನೇ ಇನ್ನಷ್ಟು ಸ್ಪಷ್ಟವಾಗಿ ತೋರಿಸಿತು, ಅಷ್ಟೆ. ಅಪ್ಪ ಓದುವುದು ಇಂಥ ಪುಸ್ತಕಗಳನ್ನೇ. ಅವುಗಳಿಗೆ 800 ಚುಕ್ಕೆಯಾಚೆ ಕೊಡುವ ದುಡ್ಡಿನಿಂದ ಅವರಿಗೆ ಜಾಸ್ತಿ ಏನೂ ಸಿಗುವುದಿಲ್ಲ ಅಂತ ಅಲ್ಲಿ ನಿಂತಾಗ ನನಗೆ ಖಾತ್ರಿ ಆಯಿತು.

ಮಿಕ್ಕಿದ್ದು ಬೇಗ ಮುಗಿಯಿತು. ಎ9ರಲ್ಲಿ ಸಿಮ್ ಹಾಕುವ ಮಾದರಿಗೆ ಮೂರು ಸಾವಿರ ಜಾಸ್ತಿ ಹೇಳಿದರು, ಬೇಡ ಅಂದೆ. ಪುಸ್ತಕಗಳನ್ನು ನಾನೇ ತುಂಬಿಸಿ ಕೊಡುತ್ತೇನೆ, ಪೇಪರಿಗೆ ಅಮ್ಮನ ಮೊಬೈಲಿನ ಹಾಟ್‌ಸ್ಪಾಟ್ ಸಾಕು. ಒಂದೊಂದು ಪುಸ್ತಕ 40-50 ಎಂಬಿ ಇರುವುದರಿಂದ 64 ಜಿಬಿಯಲ್ಲಿ ನೂರಾರು ಹಿಡಿಸುತ್ತವೆ. ಟ್ಯಾಬ್ 11,800, ಕವರ್ 450. ಮೂವತ್ತು ಪುಸ್ತಕದ ದುಡ್ಡಿಗಿಂತ 250 ರೂಪಾಯಿ ಜಾಸ್ತಿ. ಅರ್ಧ ದುಡ್ಡು ಪೆನ್ಷನ್ನಿಂದ ಅಪ್ಪನೇ ಕೊಟ್ಟರು, ಎಷ್ಟು ಹೇಳಿದರೂ ಕೇಳಲಿಲ್ಲ.

ಓದಿ ಮುಗಿಸಿದ ಪುಸ್ತಕಗಳನ್ನು ಡೈರಿಯ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದಾರೆ. ಮೊನ್ನೆ ಹೋದಾಗ ಹನ್ನೊಂದು ಆಗಿತ್ತು.

ಅಂಗಡಿಯಲ್ಲಿ ನನಗೆ ಹೊಳೆಯದೇ ಹೋದದ್ದು ಒಂದಿದೆ. ಅಪ್ಪ ಓದುವುದು ಜಗಲಿಯಲ್ಲಿ. ಮಧ್ಯಾಹ್ನದ ಬೆಳಕಿಗೆ ಪರದೆಯಲ್ಲಿ ಅಂಗಳದ ತೆಂಗಿನ ಮರವೇ ಕಾಣುತ್ತೆ, ಅಕ್ಷರ ಕಾಣುವುದಿಲ್ಲ. ಬೆಳಕು ಪೂರ್ತಿ ಏರಿಸಿದರೂ ಅಷ್ಟಕ್ಕಷ್ಟೆ. ನೀವು ಕೊಳ್ಳುವುದಾದರೆ ಒಂದು ನಿಮಿಷ ಅಂಗಡಿಯಿಂದ ರಸ್ತೆಗೆ ತಂದು ನೋಡಿ. ಅಪ್ಪ ಮಾತ್ರ ಏನೂ ಹೇಳಲಿಲ್ಲ. ಇಷ್ಟು ವರ್ಷ ಜಗಲಿಯಲ್ಲೇ ಇದ್ದ ಆರಾಮ ಕುರ್ಚಿಯನ್ನು ನಡುಮನೆಗೆ, ಕಿಟಕಿಗೆ ಬೆನ್ನು ಬಾರದ ಹಾಗೆ ಗೋಡೆಯ ಪಕ್ಕಕ್ಕೆ ಎಳೆದುಕೊಂಡಿದ್ದಾರೆ.