ಮರಿ ತರೋದಾ, ಕೋಳಿಯೇ ತರೋದಾ

ಮೇ 12, 2024, ಭಾನುವಾರ
ಪರ್ಕಳ, ಉಡುಪಿ

ಇವತ್ತು ಮನೆಯಲ್ಲಿ ಬೆಳಿಗ್ಗೆಯಿಂದ ಕೋಳಿದೇ ಸುದ್ದಿ. ಗೂಡಿಗೆ ಹಳೇ ಕೊಟ್ಟಿಗೆ ಅಂತ ಆಗಿದೆ, ಕೆಂಪುಕಲ್ಲಿನ ಗೋಡೆ ಇನ್ನೂ ಗಟ್ಟಿ ಉಂಟು. ಕೋಳಿ ಹೇಗೆ ತರೋದು ಅನ್ನೋದೇ ಗಲಾಟೆ.

ನಮ್ಮ ಯಜಮಾನ್ರದ್ದು ಒಂದೇ ಹಠ, ಒಂದು ದಿನದ ಸ್ವರ್ಣಧಾರ ಮರಿ ತರುವ ಅಂತ. ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ತಳಿ, ಊರ ಕೋಳಿಗಿಂತ ಮೊಟ್ಟೆ ಎಷ್ಟೋ ಜಾಸ್ತಿ, ಅದೆಲ್ಲ ಸರಿ ಮಾರಾಯ್ರೆ, ಆದ್ರೆ ಮರಿಗೆ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಬೇಕು, ಆಮೇಲೆ ವಾರಕ್ಕೆ 5 ಡಿಗ್ರಿ ಇಳಿಸ್ತಾ ಬರ್ಬೇಕು, ಜೂನಲ್ಲಿ ಮಳೆ ಹಿಡಿದು ರಾತ್ರಿ ಕರೆಂಟ್ ಹೋಗಿ ಬಲ್ಬ್ ಆರಿತು ಅಂತ ಇಟ್ಕೊಳ್ಳಿ, ಚಳಿಗೆ ಎಲ್ಲ ಒಂದರ ಮೇಲೊಂದು ಬಿದ್ದು ಅಡಿಯಲ್ಲಿದ್ದದ್ದು ಉಸಿರು ಕಟ್ಟಿ ಸಾಯ್ತವೆ. ಮತ್ತೆ ವ್ಯಾಕ್ಸಿನ್. 5ರಿಂದ 7ನೇ ದಿನದೊಳಗೆ ಕೊಕ್ಕರೆ ರೋಗದ್ದು ಕಣ್ಣಿಗೆ ಹನಿ, 14ನೇ ದಿನದ ಹೊತ್ತಿಗೆ ಗಂಬೊರೊ ರೋಗದ್ದು. ಬಾಟ್ಲಿಯಲ್ಲಿ ಕಮ್ಮಿ ಅಂದ್ರೂ 100 ಮರಿಗಾಗುವಷ್ಟು ಇರ್ತದೆ, ಕಲಸಿದ ಮೇಲೆ ಗಂಟೆ ಎರಡು ಗಂಟೆಯೊಳಗೆ ಮುಗಿಸ್ಬೇಕು, ನಮ್ಮ ಹತ್ತು ಮರಿಗೆ ಹಾಕಿ ಉಳಿದದ್ದು ಚೆಲ್ಲೋದೇ. ಅದರಲ್ಲೂ ಅರ್ಧ ಹುಂಜ ಆಗ್ತವೆ.

ಅಮ್ಮ ಹೇಳೋದು ಮೊಟ್ಟೆ ತಂದು ಕಾವಿಗೆ ಇಡು, 21 ದಿನ ಅಷ್ಟೇ, ಬಿಸಿ ಕೊಡೋದು, ಮೇಯ್ಲಿಕ್ಕೆ ಕಲಿಸೋದು ಎಲ್ಲ ಹೇಂಟೆಯೇ ನೋಡ್ಕೊಳ್ತದೆ ಅಂತ. ಒಳ್ಳೇದೇ. ಕಾವು ಕೂರ್ಲಿಕ್ಕೆ ಹೇಂಟೆ ಎಲ್ಲುಂಟು?

ಸಂಜೆ ಹಿರಿಯಡ್ಕ ಕಡೆ ಕೋಳಿ ಸಾಕುವ ಒಬ್ರು ಅಕ್ಕನಲ್ಲಿ ಹೋದೆವು. ಅವರು ಒಂದು ಊರ ಹೇಂಟೆಯನ್ನು ಕಂಕುಳಿಗೆ ಸಿಕ್ಕಿಸ್ಕೊಂಡು ರೆಕ್ಕೆ ಅಡಿ ಪುಕ್ಕಕ್ಕೆ ಉಫ್ ಅಂತ ಊದಿ ತೋರಿಸಿದ್ರು, ಹೇನಿದ್ರೆ ಬುಡದಲ್ಲೇ ಓಡೋದು ಕಾಣ್ತದಂತೆ, ಇದರಲ್ಲಿ ಇರ್ಲಿಲ್ಲ. ಆಮೇಲೆ ಹಿಂದೆ ಮೊಟ್ಟೆ ಬರುವ ಜಾಗದ ಎರಡು ಎಲುಬಿನ ಮಧ್ಯೆ ಬೆರಳಿಟ್ಟು ನೋಡ್ಲಿಕ್ಕೆ ಹೇಳಿದ್ರು. ಒಂದೇ ಬೆರಳು ಹಿಡಿದ್ರೆ ಇನ್ನೂ ಶುರು ಆಗಿಲ್ಲ, ಎರಡು ಮೂರು ಬೆರಳು ಹಿಡಿದ್ರೆ ಇಡ್ತಾ ಉಂಟು ಅಂತ ಲೆಕ್ಕ. ನಮ್ಮ ಯಜಮಾನ್ರು ಕೈ ಮುಟ್ಟಿಸ್ಲಿಕ್ಕೇ ತಯಾರಿಲ್ಲ, ಇವರು ಮರಿ ಸಾಕೋದಂತೆ!

ನಾನು ಅಲ್ಲೇ ನಿಶ್ಚಯ ಮಾಡಿದೆ. ಈಗ ಬೆಳೆದ ಊರ ಹೇಂಟೆ ಮೂರು, ಹುಂಜ ಬೇಡ, ಮೊಟ್ಟೆ ಇಡ್ಲಿಕ್ಕೆ ಹುಂಜ ಬೇಕಂತ ಇಲ್ಲ. ಮಳೆಗಾಲ ಕಳೀಲಿ, ದೀಪಾವಳಿ ಮೇಲೆ ಯಾವುದಾದ್ರೂ ಕಾವಿಗೆ ಬಂದ್ರೆ ಅದರಡಿ ಹುಂಜ ಇರುವವರ ಮನೆಯ ಸ್ವರ್ಣಧಾರ ಮೊಟ್ಟೆ ಇಟ್ರಾಯ್ತು, ಇವರ ಹಠಾನೂ ನಡೀತದೆ. ಸ್ವರ್ಣಧಾರ ತಾನಾಗಿ ಕಾವು ಕೂರೋದು ಕಮ್ಮಿ, ಆ ಕೆಲ್ಸಕ್ಕೆ ಊರ ಕೋಳಿಯೇ ಸೈ.

ದಾರಿಯಲ್ಲಿ ಇವರು ಕಡಕ್‌ನಾಥ್, ಅದೇ ಆ ಕಪ್ಪು ಕೋಳಿ, ಒಂದು ತರುವನಾ ಅಂದ್ರು. ನಾನು ಮಾತಾಡ್ಲಿಲ್ಲ. ಮುಂಗುಸಿ ನುಗ್ಗದ ಹಾಗೆ ಕಿಟಕಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ ತಂತಿ ಬಲೆ ಹಾಕೋದು ಅವರ ಪಾಲಿನ ಕೆಲ್ಸ, ಅದಾದ ಮೇಲೇ ಕೋಳಿ ಬರೋದು. ಬಂದ ಮೇಲೂ ಒಂದು ವಾರ ಒಳಗೇ ಕೂಡಿ ಹಾಕ್ಬೇಕು, ಇಲ್ಲಾಂದ್ರೆ ಗೂಡು ಗುರ್ತ ಆಗದೆ ಸಂಜೆಗೆ ಪಕ್ಕದ ಮನೆ ಹಲಸಿನ ಮರ ಹತ್ತಿ ಕೂರ್ತವಂತೆ.