1979ರ ಕಾರ್ನಿಶ್, ತಪ್ಪು ಡಬ್ಬ

ಅರ್ಧ ಲೀಟರ್ ಬ್ರೇಕ್ ಫ್ಲೂಯಿಡ್. ಹಾಕಬೇಕಾಗಿದ್ದದ್ದು ಮಿನರಲ್ ಆಯಿಲ್, ಸುರಿದದ್ದು ಇದು. ಸುರಿಯಲು ಎರಡು ನಿಮಿಷ ಸಾಕಾಯಿತು. ಅದು ಮುಟ್ಟಿದ ರಬ್ಬರನ್ನೆಲ್ಲ ಬದಲಿಸಿ ಗಾಡಿಯನ್ನು ಹೊರಗೆ ಬಿಡುವಷ್ಟರಲ್ಲಿ ಆರು ವಾರ ಕಳೆಯಿತು. ಗಾಡಿ ರೋಲ್ಸ್-ರಾಯ್ಸ್ ಕಾರ್ನಿಶ್, ಮುಲ್ಕಿಯಾದಲ್ಲಿ, ಅಂದರೆ ಕೊಲ್ಲಿಯ ನೋಂದಣಿ ಕಾರ್ಡಿನಲ್ಲಿ, ಇದ್ದ ವರ್ಷ 1979, ಸುರಿದ ಕೈ ನನ್ನದು. ಕೊಲ್ಲಿಯ ಗ್ಯಾರೇಜುಗಳಲ್ಲಿ ಇಂಥ ಹಳೇ ಗಾಡಿಗಳಿಗೆ ಕೈ ಹಾಕುವ ನಮ್ಮ ಕಡೆಯ ಹುಡುಗರು ಇದ್ದಾರೆ, ಅವರ ಕೈಯಲ್ಲಿ ಇದೇ ತಪ್ಪು ಆಗಬಾರದೆಂದು ಬಿಡಿಸಿ ಬರೆಯುತ್ತಿದ್ದೇನೆ.

ಕಂಪ್ಲೇಂಟು ಸರಳವಾಗಿಯೇ ಇತ್ತು. ಡ್ಯಾಶ್‌ಬೋರ್ಡಿನ ಎರಡು ಬ್ರೇಕ್ ಪ್ರೆಶರ್ ಲೈಟುಗಳು ಆರಲು ತುಂಬ ಹೊತ್ತು ತೆಗೆದುಕೊಳ್ಳುತ್ತವೆ, ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಹಿಂಭಾಗ ಕೂತಿರುತ್ತದೆ. ಎಂಜಿನ್ ಓಡಿಸಿ ಪ್ರೆಶರ್ ಏರಿಸಿ, ಆಫ್ ಮಾಡಿ, ಇಗ್ನಿಷನ್ ಮಾತ್ರ ಆನ್ ಇಟ್ಟು ಪೆಡಲ್ ಒತ್ತುತ್ತಾ ಎಣಿಸಿದೆವು. ಅಕ್ಯುಮ್ಯುಲೇಟರ್, ಅಂದರೆ ಪ್ರೆಶರ್ ಕೂಡಿಟ್ಟುಕೊಳ್ಳುವ ಗೋಳ, ಗಟ್ಟಿ ಇದ್ದರೆ ಹತ್ತಾರು ಸಲ ಒತ್ತಿದ ಮೇಲೆ ಲೈಟು ಹತ್ತಬೇಕು. ಇಲ್ಲಿ ಐದನೇ ಒತ್ತಿಗೆ ಮೊದಲನೆಯದು, ಆರಕ್ಕೆ ಎರಡನೆಯದು. ಗೋಳದೊಳಗಿನ ನೈಟ್ರೋಜನ್ ಸೋರಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಬ್ಲೀಡ್ ಸ್ಕ್ರೂ ಸಡಿಲಿಸಿ ಪ್ರೆಶರ್ ಪೂರ್ತಿ ಇಳಿಸಿ, ಎರಡೂ ಗೋಳ ಬಿಚ್ಚಿ, 1000 ಪಿಎಸ್‌ಐಗೆ ನೈಟ್ರೋಜನ್ ತುಂಬಿಸಿ ಮತ್ತೆ ಕೂರಿಸಿದೆವು. ಈ ಸಿಸ್ಟಮ್ಮಿನಲ್ಲಿ ಪ್ರೆಶರ್ 2500 ಪಿಎಸ್‌ಐ ತನಕ ಹೋಗುತ್ತದೆ. ಇಳಿಸದೆ ಪೈಪಿನ ಯೂನಿಯನ್ ಬಿಚ್ಚಿದರೆ ಎಣ್ಣೆ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ಅಲ್ಲಿಯ ತನಕ ಒಂದೂ ಹೆಜ್ಜೆ ತಪ್ಪಿರಲಿಲ್ಲ.

ಉಳಿದದ್ದು ರಿಸರ್ವಾಯರ್, ಅಂದರೆ ಎಣ್ಣೆಯ ತೊಟ್ಟಿ, ತುಂಬಿಸುವುದು. ಜಾಬ್ ಕಾರ್ಡಿನಲ್ಲಿ ಮಾಡೆಲ್ ಮತ್ತು ವರ್ಷ ಮಾತ್ರ. ಕಾರ್ನಿಶ್ ಅಂದರೆ ಬಾಡಿ ಬೇರೆ, ಅಡಿಯಲ್ಲಿ ಅದೇ ಕಂಪನಿಯ ಸಲೂನ್ ಸಿಲ್ವರ್ ಶ್ಯಾಡೋ. ಶ್ಯಾಡೋ 1980ರ ತನಕ ಬಂತು, ಶ್ಯಾಡೋಗೆ ಹಾಕುವುದು ಆರ್‌ಆರ್ 363 ಎಂಬ ಬ್ರೇಕ್ ಫ್ಲೂಯಿಡ್. ಈ ಲೆಕ್ಕ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ಎರಡನೇ ಯೋಚನೆಯೇ ಬರಲಿಲ್ಲ. ಗೋಳ ಬಿಚ್ಚಿದಾಗ ಹೊರಬಂದ ಎಣ್ಣೆ ಕಂದು ಬಣ್ಣದ್ದಾಗಿತ್ತು. ಸೈಟ್ ಗ್ಲಾಸು ಹಳದಿಗಟ್ಟಿ ಒಳಗೇನಿದೆ ಕಾಣುತ್ತಿರಲಿಲ್ಲ. ಮೇಲಿನ ಫಿಲ್ಲಿಂಗ್ ವಾಲ್ವಿಗೆ ನಮ್ಮ ಡಬ್ಬದ ಮೂತಿ ಕೂರಲಿಲ್ಲ. ನಿಲ್ಲಬೇಕಾಗಿದ್ದ ಜಾಗ ಅದು. ಮಿನರಲ್ ಆಯಿಲ್ ಗಾಡಿಗೆ ಬೇರೆ ದ್ರವ ಹೋಗಬಾರದೆಂದೇ ಅದರ ಡಬ್ಬಕ್ಕೆ ಬೇರೆ ಮೂತಿ ಇಟ್ಟಿರುತ್ತಾರೆ. ನಾನು ವಾಲ್ವು ಹಾಳಾಗಿದೆ ಅಂದುಕೊಂಡು, ಮುಚ್ಚಳದ ಸ್ಕ್ರೂ ಬಿಚ್ಚಿ, ಫನಲ್ ಇಟ್ಟು ಸುರಿದೆ.

ಎಂಜಿನ್ ಸ್ಟಾರ್ಟ್ ಆಯಿತು. ಒಂದು ನಿಮಿಷದೊಳಗೆ ಎರಡೂ ಲೈಟು ಆರಿದವು, ಹಿಂಭಾಗ ನಿಧಾನಕ್ಕೆ ಎದ್ದಿತು. ಗಟ್ಟಿಯಾಗಿದೆಯೇ ನೋಡಲು ಪೆಡಲ್ ನಾಲ್ಕು ಸಲ ಒತ್ತಿದೆ. ಗಾಡಿ ಓಡುತ್ತಿದ್ದಂತೆಯೇ ಫನಲ್ ತೊಳೆಯಲು ಪಕ್ಕದ ಬಕೆಟ್ಟಿಗೆ ಅದ್ದಿದೆ. ಬ್ರೇಕ್ ಫ್ಲೂಯಿಡ್ ನೀರಿನಲ್ಲಿ ಕರಗಿ ಹೋಗುತ್ತದೆ, ಮೇಲೆ ಏನೂ ಉಳಿಯುವುದಿಲ್ಲ. ಆದರೆ ಫನಲಿನ ತುದಿ ರಿಸರ್ವಾಯರಿನ ಹಳೇ ಎಣ್ಣೆಗೆ ತಾಗಿತ್ತಲ್ಲ, ಅಲ್ಲಿಂದ ಒಂದು ತೆಳು ಪೊರೆ ಬಿಟ್ಟುಕೊಂಡು ಬಕೆಟ್ಟಿನ ಅಂಚಿಗೆ ಸರಿಯಿತು. ಅಂಚಿನಲ್ಲಿ ಸೇರಿ ದಪ್ಪವಾದ ಕಡೆ ಅದರ ಬಣ್ಣ ಹಸಿರು.

"ಆಫ್ ಮಾಡಿ, ಆಫ್ ಮಾಡಿ" ಅಂತ ಕೂಗಿದೆ. ಸೀಟಿನ ಹತ್ತಿರ ಇದ್ದ ಸ್ಟೋರಿನ ಅಣ್ಣ ಕೀ ತಿರುಗಿಸಿದರು. ಬಾನೆಟ್ ಹತ್ತಿರ ಬಂದು, "ಎಂತ ಆಯ್ತು ಮಾರಾಯ?" ಅಂದರು. ನಾನು ಬಕೆಟ್ ತೋರಿಸಿದೆ. ಅವರು ಬೇರೇನೂ ಕೇಳದೆ ಟಾರ್ಚ್ ಹಿಡಿದು ಚಾಸಿಸ್ ನಂಬರ್ ಓದಿದರು. ಡಿ, ಆರ್, ಆಮೇಲೆ 50ರಿಂದ ಶುರುವಾಗುವ ಐದಂಕಿ. ಎಂಜಿನ್ ಓಡಿದ್ದು ಮೂರು ನಿಮಿಷ ಇರಬಹುದು.

ಆ ಮೂರು ನಿಮಿಷದಲ್ಲಿ ಏನಾಗುತ್ತದೆ ಅನ್ನುವುದನ್ನು ಆಮೇಲೆ ಗಾಜಿನ ಜಾಡಿಯಲ್ಲಿ ನೋಡಿದೆವು. ರಿಸರ್ವಾಯರಿನಿಂದ ಎಳೆದದ್ದನ್ನು ಜಾಡಿಗೆ ಹಾಕಿಟ್ಟರೆ ಹತ್ತು ನಿಮಿಷಕ್ಕೆ ಎರಡು ಪದರ ಬೇರೆಯಾದವು. ಮೇಲೆ ಕಂದು-ಹಸಿರು ಮಿನರಲ್ ಆಯಿಲ್, ಕೆಳಗೆ ಜೇನಿನ ಬಣ್ಣದ ಬ್ರೇಕ್ ಫ್ಲೂಯಿಡ್, ನಡುವೆ ಗೆರೆ ಎಳೆದ ಹಾಗೆ. ಬ್ರೇಕ್ ಫ್ಲೂಯಿಡ್ ನೀರಿಗಿಂತಲೂ ತುಸು ಭಾರ, ಮಿನರಲ್ ಆಯಿಲ್ ನೀರಿಗಿಂತ ಹಗುರ, ಎರಡೂ ಬೆರೆಯುವುದಿಲ್ಲ. ಪಂಪಿಗೆ ಹೋಗುವ ಪೈಪು ಇರುವುದು ರಿಸರ್ವಾಯರಿನ ತಳದಲ್ಲಿ. ಅಂದರೆ ಸ್ಟಾರ್ಟ್ ಮಾಡಿದ ಕೂಡಲೇ ಪಂಪುಗಳು ಮೊದಲು ಎಳೆದದ್ದು ನಾನು ಸುರಿದದ್ದನ್ನೇ. ಖಾಲಿಯಾಗಿದ್ದ ಗೋಳಗಳಿಗೆ ಅದೇ ತುಂಬಿತು, ನಾಲ್ಕು ಸಲ ಪೆಡಲ್ ಒತ್ತಿದಾಗ ಚಕ್ರದ ಬ್ರೇಕ್ ಹಿಡಿಯುವ ಕ್ಯಾಲಿಪರುಗಳ ದಾರಿಗೆ ಹೋಯಿತು, ಹಿಂಭಾಗ ಎದ್ದಿತೆಂದರೆ ಗಾಡಿಯ ಎತ್ತರ ಸರಿಮಾಡುವ ಲೆವೆಲಿಂಗ್ ಸ್ಟ್ರಟ್ಟಿಗೂ ಹೋಗಿದೆ. ಸ್ಟಾರ್ಟ್ ಮಾಡುವ ಮೊದಲು ಬಕೆಟ್ ನೋಡಿದ್ದಿದ್ದರೆ ರಿಸರ್ವಾಯರ್ ಬಿಚ್ಚಿ ತೊಳೆದು ಅದರ ಓ-ರಿಂಗ್ ಬದಲಿಸಿದರೆ ಮುಗಿಯುತ್ತಿತ್ತು.

1979 ಅನ್ನುವ ವರ್ಷ ಯಾಕೆ ಇಷ್ಟು ಅಪಾಯ ಎಂಬುದಕ್ಕೆ ಕಂಪನಿಯ ಚರಿತ್ರೆಗೇ ಹೋಗಬೇಕು. ರೋಲ್ಸ್-ರಾಯ್ಸ್ ಅಂದರೆ ಎಲ್ಲವನ್ನೂ ತಾವೇ ಕಡೆದು ಮಾಡಿದವರು ಎಂಬ ನಂಬಿಕೆ ಜನರಲ್ಲಿದೆ. ಗಾಡಿಯ ಅಡಿಗೆ ಹೋದವರಿಗೆ ಹಾಗೆ ಕಾಣುವುದಿಲ್ಲ. 1904ರ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಚಾರ್ಲ್ಸ್ ರೋಲ್ಸ್ ಮತ್ತು ಹೆನ್ರಿ ರಾಯ್ಸ್ ಭೇಟಿಯಾದಾಗಲೇ ಒಬ್ಬ ಕಾರು ಮಾರುವವನು, ಇನ್ನೊಬ್ಬ ಎಂಜಿನಿಯರ್. ರಾಯ್ಸ್ ಮೊದಲ ಕಾರು ಕಟ್ಟಿದ್ದು ತನ್ನ ಬಳಿಯಿದ್ದ ಫ್ರೆಂಚ್ ಡೆಕೋವಿಲ್ ಕಾರಿನ ಕೊರತೆಗಳನ್ನು ನೋಡಿ. ಇನ್ನೊಬ್ಬರದನ್ನು ತೆಗೆದುಕೊಂಡು ಅದಕ್ಕಿಂತ ಚೆನ್ನಾಗಿ ಮಾಡುವ ಅಭ್ಯಾಸ ಆಮೇಲೂ ಬಿಡಲಿಲ್ಲ. 1924ರಲ್ಲಿ ನಾಲ್ಕು ಚಕ್ರಕ್ಕೂ ಬ್ರೇಕ್ ಕೊಟ್ಟಾಗ ಅದರ ಸರ್ವೋ (ಕಾಲಿನ ಒತ್ತಿಗೆ ಬಲ ಸೇರಿಸುವ ಭಾಗ) ಹಿಸ್ಪಾನೋ-ಸುಯಿಜಾದ ಲೈಸೆನ್ಸಿನಲ್ಲಿ ಬಂತು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜನರಲ್ ಮೋಟರ್ಸಿನದು. 1965ರಲ್ಲಿ ಸಿಲ್ವರ್ ಶ್ಯಾಡೋ ಬಂದಾಗ ಮೊದಲ ಬಾರಿಗೆ ಬೇರೆ ಚಾಸಿಸ್ ಇಲ್ಲದ ಮೊನೊಕಾಕ್ ಬಾಡಿ, ನಾಲ್ಕು ಡಿಸ್ಕ್ ಬ್ರೇಕ್, ಅದರ ಜೊತೆಗೆ ಸಿಟ್ರೊಯೆನ್ ಲೈಸೆನ್ಸಿನ ಹೈಡ್ರಾಲಿಕ್ ಲೆವೆಲಿಂಗ್. ವಿ8 ಎಂಜಿನ್ನಿನ ನಡುವಿನ ತಗ್ಗಿನಲ್ಲಿ ಕ್ಯಾಮ್‌ಶಾಫ್ಟಿನಿಂದ ಓಡುವ ಎರಡು ಪುಟ್ಟ ಪಂಪು, ಎರಡು ಗೋಳ. ಬ್ರೇಕಿಗೂ ಲೆವೆಲಿಗೂ ಅದೇ ಒತ್ತಡ.

ಸಿಟ್ರೊಯೆನ್‌ನವರು 1966ರಲ್ಲೇ ತಮ್ಮ ಡಿಎಸ್ ಕಾರಿಗೆ ಹಸಿರು ಮಿನರಲ್ ಆಯಿಲ್ ತಂದರು. ಬ್ರೇಕ್ ಫ್ಲೂಯಿಡ್ ಜಾತಿಯ ದ್ರವ ಗಾಳಿಯ ತೇವ ಹೀರುತ್ತದೆ, ತೇವ ಬಂದರೆ ವಾಲ್ವಿನ ಒಳಗೆ ತುಕ್ಕು. ಇಂಗ್ಲೆಂಡಿನ ಕ್ರೂನಲ್ಲಿದ್ದ ರೋಲ್ಸ್-ರಾಯ್ಸ್ ಕಾರ್ಖಾನೆಯವರು ಮಾತ್ರ ಬ್ರೇಕ್ ಫ್ಲೂಯಿಡ್ಡಿನಲ್ಲೇ ಉಳಿದರು. ಪಂಪಿಗೆ ಜಾರು ಸಿಗಲೆಂದು ಅದಕ್ಕೆ ಹರಳೆಣ್ಣೆ ಮೂಲದ ಅಂಶ ಸೇರಿಸಿ ಮಾಡಿಸಿದ್ದೇ ಆರ್‌ಆರ್ 363. ಆದ್ದರಿಂದ ಶ್ಯಾಡೋಗೆ ಅಂಗಡಿಯ ಸಾದಾ ಡಾಟ್ 3 ಅಥವಾ ಡಾಟ್ 4 ಸುರಿಯುವುದೂ ತಪ್ಪು. ಬ್ರೇಕ್ ಹಿಡಿಯುತ್ತದೆ, ಆದರೆ ಪಂಪು ಕಿರುಗುಟ್ಟಲು ಶುರು ಮಾಡುತ್ತದೆ, ಸವೆಯುತ್ತದೆ.

ಬದಲಾವಣೆ ಬಂದದ್ದು ಶ್ಯಾಡೋ ನಂತರದ ಸಿಲ್ವರ್ ಸ್ಪಿರಿಟ್ ಜೊತೆ, 1980ರಲ್ಲಿ. ಎಲ್ಲರ ತಲೆಯಲ್ಲೂ ಇರುವ ವರ್ಷ ಅದೇ, ಪೆಟ್ಟು ಬೀಳುವುದೂ ಅಲ್ಲೇ. ಸ್ಪಿರಿಟ್‌ಗಾಗಿ ಮಾಡಿದ ಹೊಸ ಹಿಂದಿನ ಸಸ್ಪೆನ್ಷನ್ ಮತ್ತು ಮಿನರಲ್ ಆಯಿಲ್ ಸಿಸ್ಟಮನ್ನು ಕಂಪನಿ ಒಂದು ವರ್ಷ ಮೊದಲೇ, 1979ರ ವಸಂತದಲ್ಲಿ, ಕಾರ್ನಿಶ್ ಮತ್ತು ಕಮಾರ್ಗ್ ಎರಡಕ್ಕೆ ಹಾಕಿತು. ಎರಡೂ ಕಡಿಮೆ ಸಂಖ್ಯೆಯಲ್ಲಿ ಬರುತ್ತಿದ್ದ ಗಾಡಿಗಳು. ಕಾರ್ನಿಶ್ ಬಾಡಿಯನ್ನು ಲಂಡನ್ನಿನ ಮಲಿನರ್ ಪಾರ್ಕ್ ವಾರ್ಡ್‌ನವರು ಕೈಯಲ್ಲಿ ಕಟ್ಟುತ್ತಿದ್ದರು. ದೊಡ್ಡ ಸಂಖ್ಯೆಯ ಸಲೂನಿಗೆ ಮೊದಲು ಸಣ್ಣ ಸಂಖ್ಯೆಯಲ್ಲಿ ಹಾಕಿ ನೋಡುವುದರಲ್ಲಿ ಅರ್ಥವಿದೆ. ಅಲ್ಲಿಂದ ಈ ಗಾಡಿಗಳ ಚಾಸಿಸ್ ಸಂಖ್ಯೆಯೂ 50,000ದ ಸರಣಿಗೆ ಹಾರಿತು. ಹಾಗಾಗಿ ಒಂದೇ 1979ರಲ್ಲಿ ಮೂರು ಬಗೆ ಇವೆ: ಬ್ರೇಕ್ ಫ್ಲೂಯಿಡ್ಡಿನ ಕಾರ್ನಿಶ್, ಮಿನರಲ್ ಆಯಿಲಿನ ಕಾರ್ನಿಶ್, ಮತ್ತು ಇಡೀ ವರ್ಷ ಬ್ರೇಕ್ ಫ್ಲೂಯಿಡ್ಡಿನಲ್ಲೇ ಬಂದ ಶ್ಯಾಡೋ 2. ಮುಲ್ಕಿಯಾದಲ್ಲಿ ಮೂರಕ್ಕೂ ಒಂದೇ ವರ್ಷ.

ಚಾಸಿಸ್ ನಂಬರಿನ ಅಕ್ಷರಗಳೂ ಉಪಯೋಗಕ್ಕೆ ಬರುತ್ತವೆ. ಮೊದಲನೆಯದು ಬಾಡಿ: ಎಸ್ ಅಂದರೆ ಸಾದಾ ಸಲೂನ್, ಸಿ ಅಂದರೆ ಎರಡು ಬಾಗಿಲಿನ ಕೂಪೆ, ಡಿ ಅಂದರೆ ಮೇಲ್ಛಾವಣಿ ಬಿಚ್ಚುವಂಥದ್ದು. ಎರಡನೆಯದು ಆರ್ ಇದ್ದರೆ ರೋಲ್ಸ್-ರಾಯ್ಸ್, ಬಿ ಇದ್ದರೆ ಬೆಂಟ್ಲಿ. 1980ರ ಕೊನೆಯಿಂದ 17 ಅಕ್ಷರದ ವಿನ್ (ಗಾಡಿಯ ಗುರುತಿನ ಸಂಖ್ಯೆ) ಬರುತ್ತದೆ, ಎಸ್‌ಸಿಎ ಎಂದು ಶುರುವಾದರೆ ರೋಲ್ಸ್-ರಾಯ್ಸ್, ಎಸ್‌ಸಿಬಿ ಎಂದರೆ ಬೆಂಟ್ಲಿ. ಅಂಥ ಕಾರ್ನಿಶ್‌ಗೆ ಮಿನರಲ್ ಆಯಿಲ್ ಬಿಟ್ಟು ಬೇರೆ ಮಾತಿಲ್ಲ. ಸಂಖ್ಯೆ ಓದಿದ ಮೇಲೂ ರಿಸರ್ವಾಯರಿನಿಂದ ಒಂದು ಹನಿ ತೆಗೆದು ಲೋಟದ ನೀರಿಗೆ ಹಾಕಿ. ಕರಗಿದರೆ ಬ್ರೇಕ್ ಫ್ಲೂಯಿಡ್, ತೇಲಿದರೆ ಮಿನರಲ್ ಆಯಿಲ್. ಸಂಖ್ಯೆ ಒಂದು ಹೇಳಿ ನೀರು ಇನ್ನೊಂದು ಹೇಳಿದರೆ ನಿಮಗಿಂತ ಮೊದಲು ಯಾರೋ ತಪ್ಪು ಮಾಡಿದ್ದಾರೆ, ಆಗ ಸ್ಟಾರ್ಟ್ ಮಾಡಲೇಬೇಡಿ. ಬಣ್ಣವನ್ನು ಮಾತ್ರ ನಂಬಬೇಡಿ, ಹಳತಾದರೆ ಎರಡೂ ಒಂದೇ ಚಹಾದ ಬಣ್ಣಕ್ಕೆ ಬರುತ್ತವೆ.

ತಪ್ಪು ದ್ರವದಿಂದ ಹಾಳಾಗುವುದು ಲೋಹವಲ್ಲ, ರಬ್ಬರು. ಮಿನರಲ್ ಆಯಿಲ್ ಗಾಡಿಯ ಸೀಲುಗಳು ಆ ಎಣ್ಣೆಗೆಂದೇ ಆರಿಸಿದ ರಬ್ಬರಿನವು, ಬ್ರೇಕ್ ಫ್ಲೂಯಿಡ್ ತಾಗಿದರೆ ಊದಿ ಮೆತ್ತಗಾಗುತ್ತವೆ. ಶ್ಯಾಡೋದ ಸೀಲಿಗೆ ಮಿನರಲ್ ಆಯಿಲ್ ತಾಗಿದರೆ ಇನ್ನೂ ಕೆಟ್ಟದು, ಬೇಗ ಊದಿ ಪಿಸ್ಟನ್ ಹಿಡಿದುಬಿಡುತ್ತದೆ. ಎರಡೂ ಅದೇ ದಿನ ಗೊತ್ತಾಗುವುದಿಲ್ಲ. ಗಾಡಿ ರಸ್ತೆಯಲ್ಲಿ ಚೆನ್ನಾಗಿಯೇ ನಿಲ್ಲುತ್ತದೆ, ವಾರಗಳ ಮೇಲೆ ಸೋರಲು ಶುರುವಾಗುತ್ತದೆ. ಎರಡು ಟನ್ನಿಗಿಂತ ಹೆಚ್ಚು ತೂಕದ ಗಾಡಿ ಇದು. ಬ್ರೇಕಿನ ಎಲ್ಲ ಬಲವೂ ಆ ಎಣ್ಣೆಯಲ್ಲೇ ಇರುವಾಗ ಸೋರಿಕೆಯನ್ನು ರಸ್ತೆಯಲ್ಲಿ ಕಂಡುಹಿಡಿಯುವ ಹಾಗಿಲ್ಲ.

ಮ್ಯಾನೇಜ್‌ಮೆಂಟಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. "ಎರಡು ಸಲ ಫ್ಲಶ್ ಮಾಡಿ ಕೊಟ್ಟುಬಿಡಿ, ಓಡುತ್ತಿದೆಯಲ್ಲ" ಎಂಬ ಅಪ್ಪಣೆ ಬಂತು. ಫ್ಲಶ್ ಮಾಡಿದರೆ ಪೈಪಿನಲ್ಲಿರುವುದು ಹೋಗುತ್ತದೆ, ರಬ್ಬರು ಕುಡಿದದ್ದು ಹೋಗುವುದಿಲ್ಲ. ಬಾಯಿಮಾತಿಗೆ ಬೆಲೆ ಇಲ್ಲದ್ದರಿಂದ ಒಂಬತ್ತನೇ ದಿನ ಹಿಂದಿನ ಎಡ ಕ್ಯಾಲಿಪರ್ ಬಿಚ್ಚಿ, ಒಳಗಿನ ಸೀಲನ್ನು ಹೊಸದರ ಪಕ್ಕ ಬಿಳಿ ಕಾಗದದ ಮೇಲೆ ಇಟ್ಟೆವು. ಹಳೆಯದು ಕಣ್ಣಿಗೇ ದೊಡ್ಡದಾಗಿತ್ತು. ಅಂಚನ್ನು ಉಗುರಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು. ಮತ್ತೆ ಅದರ ಗ್ರೂವಿಗೆ ಕೂರಿಸಲು ಹೋದರೆ ಒಂದು ಕಡೆ ಒತ್ತಿದಂತೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ಆಮೇಲೆ ಫ್ಲಶ್ಶಿನ ಮಾತು ನಿಂತಿತು. ಓನರಿಗೆ ಫೋನ್ ಮಾಡಿ ಆದದ್ದನ್ನು ಆದ ಹಾಗೇ ಹೇಳಿದೆವು, ಖರ್ಚು ಗ್ಯಾರೇಜಿನದು ಎಂದೂ ಹೇಳಿದೆವು.

ಬದಲಿಸಿದ್ದು ಇಷ್ಟು: ರಿಸರ್ವಾಯರಿನ ಓ-ರಿಂಗುಗಳು, ಎರಡು ಪಂಪಿನ ಸೀಲು, ಎರಡು ಗೋಳದ ಡಯಾಫ್ರಮ್ ಮತ್ತು ಅವುಗಳ ವಾಲ್ವಿನ ಸೀಲು, ಪೆಡಲಿನ ಕೆಳಗಿನ ಡಿಸ್ಟ್ರಿಬ್ಯೂಷನ್ ವಾಲ್ವು, ಎಲ್ಲ ಹೋಸು, ಹಿಂದಿನ ಎರಡು ಸ್ಟ್ರಟ್ಟು, ಲೆವೆಲಿಂಗ್ ವಾಲ್ವು. ಕ್ಯಾಲಿಪರುಗಳು ಮುಂದೆ ಚಕ್ರಕ್ಕೆ ಎರಡೆರಡು, ಹಿಂದೆ ಒಂದೊಂದು, ಒಟ್ಟು 16 ಪಿಸ್ಟನ್. ಅಷ್ಟಕ್ಕೂ ಸೀಲು. ಲೋಹದ ಪೈಪುಗಳನ್ನು ಪೂರ್ತಿ ಬಿಚ್ಚಿದ ಮೇಲೆ ಮಾತ್ರ ಸ್ಪಿರಿಟ್ ಹಾಕಿ ತೊಳೆದು, ಒಣ ಗಾಳಿ ಊದಿ, ಕೊನೆಗೆ ಶುದ್ಧ ಮಿನರಲ್ ಆಯಿಲ್ ಹಾಯಿಸಿದೆವು. ಬ್ರೇಕ್ ಫ್ಲೂಯಿಡ್ ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಮಿನರಲ್ ಆಯಿಲಿನಲ್ಲಿ ಕರಗುವುದಿಲ್ಲ. ಈ ಕ್ರಮ ಹಿಂದುಮುಂದಾದರೆ ಬಾಗುಗಳಲ್ಲಿ ಹನಿ ಉಳಿದುಬಿಡುತ್ತದೆ. ಪಂಪು ಬಿಚ್ಚುವಾಗ ಪುಶ್‌ರಾಡ್ ಎಂಜಿನ್ನಿನೊಳಗೆ ಜಾರದಂತೆ ಹಿಡಿಯಲು ಇನ್ನೊಂದು ಕೈ ಬೇಕು.

ಸಾಮಾನು ತರಿಸುವುದರಲ್ಲೂ ಚರಿತ್ರೆ ಗೊತ್ತಿಲ್ಲದೆ ನಾಲ್ಕು ದಿನ ಕಳೆದೆವು. ಪರ್ಚೇಸಿನವರು ರೋಲ್ಸ್-ರಾಯ್ಸ್ ಶೋರೂಮುಗಳಿಗೆ ಫೋನ್ ಮಾಡುತ್ತಾ ಕೂತರು. 1971ರ ಫೆಬ್ರವರಿ 4ರಂದು ಆರ್‌ಬಿ211 ವಿಮಾನ ಎಂಜಿನ್ನಿನ ಖರ್ಚಿನಲ್ಲಿ ಮೂಲ ಕಂಪನಿ ಮುಳುಗಿತು. ಕಾರ್ನಿಶ್ ಬಿಡುಗಡೆಯಾದದ್ದು ಅದರ ಮರುತಿಂಗಳು. 1973ರಲ್ಲಿ ಕಾರಿನ ವಿಭಾಗ ಬೇರೆ ಕಂಪನಿಯಾಯಿತು, 1980ರಲ್ಲಿ ವಿಕರ್ಸ್ ಕೈಗೆ ಹೋಯಿತು. 1998ರಲ್ಲಿ ಫೋಕ್ಸ್‌ವ್ಯಾಗನ್ 43 ಕೋಟಿ ಪೌಂಡಿಗೆ ಕ್ರೂ ಕಾರ್ಖಾನೆ ಕೊಂಡರೆ, ಹೆಸರಿನ ಹಕ್ಕನ್ನು ವಿಮಾನ ಎಂಜಿನ್ ಕಂಪನಿಯಿಂದ 4 ಕೋಟಿ ಪೌಂಡಿಗೆ ಬಿಎಂಡಬ್ಲ್ಯು ಪಡೆಯಿತು. 2003ರಿಂದ ಹೊಸ ರೋಲ್ಸ್-ರಾಯ್ಸ್ ಗುಡ್‌ವುಡ್‌ನಲ್ಲಿ, ಕ್ರೂನಲ್ಲಿ ಬೆಂಟ್ಲಿ ಮಾತ್ರ. ಕ್ರೂನಲ್ಲಿ ಹುಟ್ಟಿದ ಹಳೇ ರೋಲ್ಸ್-ರಾಯ್ಸಿನ ಸಾಮಾನಿಗೆ ಕೇಳಬೇಕಾದ ಬಾಗಿಲು ಬೆಂಟ್ಲಿ ಕಡೆಯದು. ಇದು ಒಬ್ಬರ ತಲೆಯಲ್ಲಿದ್ದರೂ ಆ ನಾಲ್ಕು ದಿನ ಉಳಿಯುತ್ತಿತ್ತು.

ಈಗ ಆರ್‌ಆರ್ 363 ಡಬ್ಬ ಸ್ಟೋರಿನ ಈ ಗೋಡೆಗೆ, ಮಿನರಲ್ ಆಯಿಲ್ ಎದುರು ಗೋಡೆಗೆ. ಫನಲ್, ಬ್ಲೀಡಿಂಗ್ ಜಾಡಿ, ಟ್ಯೂಬು ಎರಡಕ್ಕೂ ಬೇರೆ ಬೇರೆ. ಜಾಬ್ ಕಾರ್ಡ್ ಸಾಫ್ಟ್‌ವೇರಿನಲ್ಲಿ ವರ್ಷದ ಪಕ್ಕ ಚಾಸಿಸ್ ನಂಬರಿನ ಕಾಲಂ ಕೊಡಿ ಎಂದು ಮೂರು ಸಲ ಕೇಳಿದ್ದೇವೆ, ಇನ್ನೂ ಬಂದಿಲ್ಲ. ಗಾಡಿ ಕೆಲಸದ ಜಾಗಕ್ಕೆ ಬಂದ ಕೂಡಲೇ ಸ್ಟೋರಿನ ಅಣ್ಣ ನಂಬರ್ ಓದುತ್ತಾರೆ, ನಾನು ಅದನ್ನು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ರಿಸರ್ವಾಯರ್ ಮುಚ್ಚಳಕ್ಕೆ ಅಡ್ಡ ಅಂಟಿಸುತ್ತೇನೆ. ಟೇಪು ಕೀಳದೆ ಮುಚ್ಚಳ ಬಿಚ್ಚಲು ಆಗುವುದಿಲ್ಲ.