ಮುಕ್ಕಾಲು ಅಂದರೆ ಮೂರು ಕಾಲು

ಜುಲೈ ಮೊದಲ ವಾರ. ಬೆಳಿಗ್ಗೆ ಏಳೂವರೆಗೆಲ್ಲ ಅಣ್ಣನ ಮಗ ಜಗಲಿಯಲ್ಲಿ ಕುಣಿಯುತ್ತಿದ್ದ. ತೀರ್ಥಹಳ್ಳಿ ತಾಲ್ಲೂಕಿನ ಶಾಲೆಗಳಿಗೆ ಮಳೆ ರಜೆ ಅಂತ ಅವರ ಮೇಷ್ಟರು ವಾಟ್ಸಾಪಿನಲ್ಲಿ ಹಾಕಿದ್ದರಂತೆ. ನನ್ನ ಮಗಳಿಗೆ ಆಶ್ಚರ್ಯ. ‘ಮಳೆಗೆ ಯಾರಾದರೂ ರಜೆ ಕೊಡ್ತಾರಾ?’ ನಾವಿರುವ ಅಮೆರಿಕದ ಕೊಲಂಬಸ್ಸಿನಲ್ಲಿ ರಜೆ ಸಿಗುವುದು ಹಿಮ ಬಿದ್ದಾಗ ಮಾತ್ರ. ನಾನು ಸುಮ್ಮನೆ ಹೊರಗೆ ಕೈ ತೋರಿಸಿದೆ. ಅಂಗಳದ ನೀರು ಹೊಳೆಯ ಹಾಗೆ ಹರಿಯುತ್ತಿತ್ತು, ದಣಪೆಯಿಂದಾಚೆ ತೋಟ ಇದೆಯೋ ಇಲ್ಲವೋ ಎನ್ನುವಷ್ಟು ಮಳೆ.

ಅವಳ ಬ್ಯಾಗಿನಲ್ಲಿ ಒಂದು ಕಂತೆ ಕಾಗದವಿತ್ತು, ಬೇಸಿಗೆ ರಜೆಗೆಂದು ಅಲ್ಲಿನ ಶಾಲೆಯವರು ಕಟ್ಟಿಕೊಟ್ಟ ಲೆಕ್ಕಗಳು. ಅವಳು ನಾಲ್ಕು ಮುಗಿಸಿ ಐದಕ್ಕೆ ಹೋಗುವವಳು, ಇವನು ಈಗಾಗಲೇ ಐದು. ಇಬ್ಬರ ಕುತ್ತಿಗೆಗೂ ಬಿದ್ದಿರುವುದು ಭಿನ್ನರಾಶಿ. ‘ನೀ ಅಲ್ಲಿ ಮಕ್ಕಳಿಗೆ ಹೇಳಿಕೊಡ್ತೆ ಅಲ್ದಾ, ಇವಕ್ಕೂ ಎಂತದಾದ್ರೂ ಹೇಳಿಕೊಡು ಮಾರಾಯ್ತಿ, ಇಲ್ದಿದ್ರೆ ಮನೆ ಹಾರಿಸ್ತಾವೆ’ ಅಂದಳು ಅಮ್ಮ.

ಅಮ್ಮ ಊರಿಗೆಲ್ಲ ಹೇಳಿಕೊಂಡು ಬಂದ ಹಾಗೆ ನಾನು ಅಲ್ಲಿ ಟೀಚರಲ್ಲ. ಪ್ರಾಥಮಿಕ ಶಾಲೆಯೊಂದರಲ್ಲಿ ಸಹಾಯಕಿ. ತರಗತಿಯ ಓಟಕ್ಕೆ ಹೆಜ್ಜೆ ಹಾಕಲಾರದ ನಾಲ್ಕೈದು ಮಕ್ಕಳನ್ನು ಕಟ್ಟಿಕೊಂಡು ಮೂಲೆಯ ಮೇಜಿನಲ್ಲಿ ಕೂರುವುದು ನನ್ನ ಕೆಲಸ. ಮುಕ್ಕಾಲು ಟೀಚರ್ ಅನ್ನಿ. ಆರು ವರ್ಷವಾಯಿತು. ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಭಿನ್ನರಾಶಿ ಶುರುವಾಗುತ್ತದೆ, ನನ್ನ ಮೇಜಿನ ಮೇಲೆ ಕಣ್ಣೀರೂ ಶುರುವಾಗುತ್ತದೆ.

ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಎಂಟು ನಾಲ್ಕಕ್ಕಿಂತ ದೊಡ್ಡದು ಎಂದು ಮೂರು ವರ್ಷ ನಾವೇ ಹೇಳಿರುತ್ತೇವೆ. ಒಂದು ದಿನ ಇದ್ದಕ್ಕಿದ್ದ ಹಾಗೆ, ಎಂಟನೇ ಒಂದು ನಾಲ್ಕನೇ ಒಂದಕ್ಕಿಂತ ಚಿಕ್ಕದು ಅನ್ನುತ್ತೇವೆ. ಹೋದ ವರ್ಷ ಒಬ್ಬ ಹುಡುಗ ಪೆನ್ಸಿಲ್ ಕೆಳಗಿಟ್ಟು, ನೀವು ಮೊದಲೇ ಒಂದು ತೀರ್ಮಾನಕ್ಕೆ ಬಂದು ಆಮೇಲೆ ಹೇಳಿ ಎಂಬಂತೆ ನನ್ನ ಮುಖ ನೋಡಿದ. ಇಂಗ್ಲಿಷಿನ ಪದವೂ ಸಹಾಯಕ್ಕೆ ಬರುವುದಿಲ್ಲ. ‘ಥರ್ಡ್’ ಅಂದರೆ ಓಟದಲ್ಲಿ ಮೂರನೆಯವನಲ್ಲವೇ ಎಂದು ಕೇಳಿದವರಿದ್ದಾರೆ. ನಮ್ಮ ‘ಮೂರನೇ ಒಂದು’ ಕೂಡ ಅದೇ ಗುಂಡಿಗೆ ಬೀಳುತ್ತದೆ ಬಿಡಿ.

ಅಲ್ಲಿ ಎಲ್ಲದಕ್ಕೂ ಪಿಜ್ಜಾ. ಪುಸ್ತಕದಲ್ಲಿ ಪಿಜ್ಜಾ, ಗೋಡೆಯ ಮೇಲೆ ಪಿಜ್ಜಾ, ಪರೀಕ್ಷೆಯಲ್ಲೂ ಪಿಜ್ಜಾ. ನನಗೆ ಅದನ್ನು ಕಂಡರೆ ಆಗುವುದಿಲ್ಲ. ದುಂಡಗಿನದನ್ನು ಎರಡು, ನಾಲ್ಕು, ಎಂಟು ಮಾಡುವುದು ಸುಲಭ. ಮೂರು ಮಾಡುವುದು ದೊಡ್ಡವರಿಗೂ ಕಷ್ಟ. ಮೂರು ಸಮಪಾಲು ಮಾಡಿ ಅಂದರೆ ಮಕ್ಕಳು ನಡುವೆ ಒಂದು ಗೆರೆ ಎಳೆಯುತ್ತಾರೆ, ಒಂದು ಬದಿಯ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾರೆ. ಎಣಿಸಿ, ಮೂರು ತುಂಡು! ಒಬ್ಬನಿಗೆ ಅರ್ಧ, ಇಬ್ಬರಿಗೆ ಕಾಲು ಕಾಲು. ನಾನು ಪಿಜ್ಜಾ ಬಿಟ್ಟು ಉದ್ದನೆಯ ಕಾಗದದ ಪಟ್ಟಿ ಹಿಡಿದೆ. ಮಡಚಿದರೆ ಮೂರೂ ಬರುತ್ತದೆ, ಆರೂ ಬರುತ್ತದೆ. ಅಮೆರಿಕದ ಹೆಚ್ಚಿನ ರಾಜ್ಯಗಳು 2010ರಿಂದೀಚೆಗೆ ಒಪ್ಪಿಕೊಂಡ ಪಠ್ಯಕ್ರಮದಲ್ಲಿ ಮೂರನೇ ತರಗತಿಗೆ 2, 3, 4, 6, 8 ಇಷ್ಟೇ ಛೇದಗಳು. ಬೇರೆ ಬೇರೆ ಛೇದಗಳನ್ನು ಕೂಡಿಸುವುದು ಐದರಲ್ಲಿ. ನಿಧಾನ ಅನ್ನಿಸಬಹುದು. ನನಗೆ ಅದು ಸರಿಯಾಗಿಯೇ ಕಾಣುತ್ತದೆ.

ನಿಜವಾದ ಜಗಳ ಬರುವುದು ಆ ಕೂಡುವ ಕಡೆ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಅಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/5 ಬರೆಯುತ್ತಾರೆ. ತಪ್ಪು ಅಂದೆ. ಬಾಸ್ಕೆಟ್‌ಬಾಲ್ ಹುಚ್ಚಿನ ಹುಡುಗಿಯೊಬ್ಬಳು ಒಪ್ಪಲಿಲ್ಲ. ಮೊದಲು ಎರಡು ಸಲ ಎಸೆದಾಗ ಒಂದು ಬುಟ್ಟಿಗೆ ಬಿತ್ತು, ಆಮೇಲೆ ಮೂರು ಸಲ ಎಸೆದಾಗ ಒಂದು ಬಿತ್ತು, ಒಟ್ಟು ಐದರಲ್ಲಿ ಎರಡು ತಾನೇ? ಹೌದಲ್ಲ! ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಮನೆಗೆ ಹೋಗಿ ಪಾತ್ರೆ ತೊಳೆಯುವಾಗ ಹೊಳೆಯಿತು: ಅವಳ ಲೆಕ್ಕದಲ್ಲಿ ತಪ್ಪಿಲ್ಲ, ಅವಳ ‘ಒಂದು’ ಬೇರೆ. ಎರಡು ಎಸೆತದ ಅರ್ಧ, ಮೂರು ಎಸೆತದ ಮೂರನೇ ಒಂದು. ನಾನು ಕೇಳುತ್ತಿದ್ದದ್ದು ಒಂದೇ ರೊಟ್ಟಿಯ ಅರ್ಧ ಮತ್ತು ಅದೇ ರೊಟ್ಟಿಯ ಮೂರನೇ ಒಂದು. ಯಾವುದರ ಅರ್ಧ ಎಂಬ ಮಾತನ್ನು ನಾನೇ ನುಂಗಿದ್ದೆ.

ಇದು ನನ್ನ ಮೂಲೆಯ ಮೇಜಿನ ಸಮಸ್ಯೆಯಷ್ಟೇ ಅಲ್ಲ. 1978ರಲ್ಲಿ ಅಮೆರಿಕದಾದ್ಯಂತ ನಡೆದ ಪರೀಕ್ಷೆಯೊಂದರಲ್ಲಿ 12/13 ಮತ್ತು 7/8 ಕೂಡಿಸಿದರೆ ಸುಮಾರು ಎಷ್ಟು ಎಂದು ಹದಿಮೂರು ವರ್ಷದವರಿಗೆ ಕೇಳಿದ್ದರು. ಎರಡೂ ಒಂದಕ್ಕೆ ಕೂದಲೆಳೆ ಕಡಿಮೆ, ಉತ್ತರ ಎರಡು. ಅದನ್ನು ಆರಿಸಿದವರು ನೂರಕ್ಕೆ 24. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಅಂದಿದ್ದರು, ಮೇಲಿನೆರಡರ ಮೊತ್ತ ಇಲ್ಲವೇ ಕೆಳಗಿನೆರಡರ ಮೊತ್ತ. ಭಿನ್ನರಾಶಿ ಅವರ ಕಣ್ಣಿಗೆ ಒಂದು ಸಂಖ್ಯೆಯೇ ಅಲ್ಲ, ಒಂದರ ತಲೆಯ ಮೇಲೆ ಒಂದು ಕೂತ ಎರಡು ಸಂಖ್ಯೆ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಊರಿನ ಜಗಲಿಯಲ್ಲಿ ಎರಡು ಮಕ್ಕಳ ಮುಂದೆ ಕೂತೆ. ಅಷ್ಟರಲ್ಲಿ ಅಮ್ಮ ಒಲೆಯ ಕೆಂಡದಲ್ಲಿ ಹಲಸಿನ ಹಪ್ಪಳ ಸುಟ್ಟು ತಂದಳು. ‘ನಂಗೆ ಮುಕ್ಕಾಲು’ ಅಂದ ಇವನು. ಅಮ್ಮ ಹಪ್ಪಳವನ್ನು ನಾಲ್ಕು ಮಾಡಿ, ಕಾಲು, ಕಾಲು, ಕಾಲು ಅಂತ ಮೂರು ತುಂಡು ಅವನ ಕೈಗೆ ಹಾಕಿದಳು.

ನಲವತ್ತು ವರ್ಷದಿಂದ ಈ ಪದ ಆಡುತ್ತಿದ್ದೇನೆ. ಮುಕ್ಕಾಲು ಅಂದರೆ ಮೂರು ಕಾಲು ಎಂಬುದು ಆ ಹೊತ್ತಿನವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲ! ಮುನ್ನೂರು ಅಂದರೆ ಮೂರು ನೂರು ಹೇಗೋ ಹಾಗೆ. ಅಲ್ಲಿ ನಾವು ಎರಡು ವಾರ ತಿಣುಕಿ ಹೇಳಿಕೊಡುವುದು ಇದನ್ನೇ: ಮೊದಲು ನಾಲ್ಕನೇ ಒಂದು ಎಂಬುದನ್ನು ಒಂದು ವಸ್ತುವಿನಂತೆ ಕೈಯಲ್ಲಿ ಹಿಡಿ, ಆಮೇಲೆ ಅದನ್ನು ಎಣಿಸು. ಕಾಲು, ಅರ್ಧ, ಮುಕ್ಕಾಲು, ಒಂದು, ಒಂದೂಕಾಲು, ಒಂದೂವರೆ. ಮಗಳಿಗೆ ಹೀಗೆ ಹೇಳಿಸುತ್ತ ಹೋದೆ. ಅವಳು ಹಾಡಿನ ಹಾಗೆ ಹತ್ತರವರೆಗೆ ಹೋದಳು. ಮಿಶ್ರ ಭಿನ್ನರಾಶಿ ಎಂಬ ಹೆಸರು ಕೇಳಿದ್ದರೆ ಎದ್ದು ಓಡುತ್ತಿದ್ದಳು. ‘ಕಾಲು’ ಅಂದರೆ ‘ಲೆಗ್’ ಅಲ್ವಾ ಅಂದಳು. ಹಸುವಿಗೆ ಎಷ್ಟು ಕಾಲು ಅಂದೆ. ನಕ್ಕಳು.

ಹಾಗಂತ ಕನ್ನಡದ ಮಕ್ಕಳಿಗೆ ಎಲ್ಲ ಸಲೀಸು ಎಂದು ನಾನು ಜಂಬ ಕೊಚ್ಚುವ ಮೊದಲೇ ಅಣ್ಣನ ಮಗ ನನ್ನ ಕಾಲೆಳೆದ. ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಯಿತು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು, ಮರ ಹತ್ತುವ ಕೊನೆಗಾರ ಎರಡು ದಿನದಿಂದ ಕಾಯುತ್ತಿದ್ದ. ಬೋರ್ಡೋ ದ್ರಾವಣದ ಲೆಕ್ಕ ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆಲ್ಲ ಬಾಯಿಪಾಠ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ನಮ್ಮದು ಇನ್ನೂರು ಲೀಟರಿನ ಡ್ರಮ್ಮು. ಕೆಳಗಿನ ತೋಟಕ್ಕೆ ಅಷ್ಟೆಲ್ಲ ಬೇಡ, ಮುಕ್ಕಾಲು ಡ್ರಮ್ ಸಾಕು ಅಂದ ಅಣ್ಣ. ‘ಹಂಗಾದ್ರೆ ತುತ್ತ ಒಂದೂವರೆ ಕೆಜಿ’ ಅಂದ ಮಗ, ಮೈಲುತುತ್ತದ ಚೀಲ ಬಿಚ್ಚುತ್ತಲೇ.

ನನಗೆ ಖುಷಿಯಾಯಿತು. ಸಂಜೆ ಸ್ಲೇಟಿನ ಮೇಲೆ 2 × 3/4 ಎಂದು ಬರೆದು ಕೊಟ್ಟೆ. ಅವನು ಹುಬ್ಬು ಗಂಟಿಕ್ಕಿ, ಮೇಲೂ ಎರಡರಿಂದ ಕೆಳಗೂ ಎರಡರಿಂದ ಗುಣಿಸಿ 6/8 ಬರೆದ.

‘ಅಂದ್ರೆ ಒಂದು ಕೆಜಿಗೂ ಕಡಿಮೆ ತುತ್ತ ಹಾಕ್ತೀಯಾ?’

‘ಎಂತಕ್ಕೆ ಅತ್ತೆ? ಕೊಳೆ ಬರ್ತದೆ.’

‘ಮತ್ತೆ ಇದು?’

‘ಇದು ಲೆಕ್ಕದ ಪುಸ್ತಕದ್ದು. ಅದು ಡ್ರಮ್ಮಿಂದು.’

ಅಷ್ಟು ಸಹಜವಾಗಿ ಹೇಳಿದ, ಎರಡೂ ಬೇರೆ ಬೇರೆ ಊರು ಎನ್ನುವ ಹಾಗೆ. ಅವನ ಮೇಷ್ಟರನ್ನು ದೂರುವುದಿಲ್ಲ. ಅಂಶ, ಛೇದ, ವಿಷಮ ಭಿನ್ನರಾಶಿ, ಲ.ಸಾ.ಅ. ಎಂದು ಪುಸ್ತಕವೇ ಬೇರೊಂದು ಕನ್ನಡ ಮಾತಾಡುತ್ತದೆ. ಆ ರಾತ್ರಿ ಅವನೂ ನಾನೂ ಕೂತು 3/4 ಕಂಡ ಕಡೆಯಲ್ಲೆಲ್ಲ ‘ಮೂರು ಕಾಲು’ ಎಂದು ಓದಿದೆವು. ಮೂರು ಕಾಲು ಎರಡು ಸಲ ಬಂದರೆ ಆರು ಕಾಲು. ಆರು ಕಾಲೆಂದರೆ ಒಂದೂವರೆ. ಛೇದ ಯಾಕೆ ಬದಲಾಗಬಾರದು ಎಂಬುದು ಅವನಿಗೆ ಆಗ ಹೊಳೆಯಿತು. ಆರು ಕುರಿ ಎಂದಾಗ ಕುರಿ ಬದಲಾಗುವುದಿಲ್ಲವಲ್ಲ.

ಅಜ್ಜನಿಗೆ ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಗೆ ಬರುತ್ತಿತ್ತಂತೆ. ಸೇರಿನಲ್ಲಿ ಅರ್ಧ ಅಚ್ಚೇರು, ಅದರಲ್ಲಿ ಅರ್ಧ ಪಾವು, ಪಾವಿನ ಕಾಲು ಭಾಗ ಚಟಾಕು. ರೂಪಾಯಿಗೆ ಹದಿನಾರಾಣೆ. ಎಲ್ಲವೂ ಅರ್ಧದ ಅರ್ಧ, ಅದರರ್ಧ. ಹದಿನಾರನೇ ಒಂದಕ್ಕೆ ವೀಸ ಎಂಬ ಹೆಸರೇ ಇತ್ತು. 1957ರಲ್ಲಿ ನಯಾಪೈಸೆ ಬಂದು ಆಣೆಯನ್ನು ಅಳಿಸಿತು; 2011ರಲ್ಲಿ ನಾಲ್ಕಾಣೆ ಎಂದು ನಾವು ಕರೆಯುತ್ತಿದ್ದ ಇಪ್ಪತ್ತೈದು ಪೈಸೆಯೂ ಹೋಯಿತು. ತಮಾಷೆಯೆಂದರೆ ನಾವು ಬಿಟ್ಟ ವೀಸ ಅಮೆರಿಕದಲ್ಲಿ ಗಟ್ಟಿಯಾಗಿದೆ. ಅಲ್ಲಿನ ಮಕ್ಕಳ ಅಳತೆಪಟ್ಟಿಯಲ್ಲಿ ಇಂಚಿಗೆ ಹದಿನಾರು ಗೆರೆ. ಅಂಗಡಿಯಲ್ಲಿ ಸ್ಪ್ಯಾನರ್ ಕೇಳಿದರೆ 5/16 ಬೇಕೋ 3/8 ಬೇಕೋ ಅನ್ನುತ್ತಾರೆ. ಕಾಲು ಡಾಲರಿನ ನಾಣ್ಯ ಪ್ರತಿ ಮಗುವಿನ ಜೇಬಿನಲ್ಲಿದೆ, ಆದರೂ ನಾಲ್ಕನೇ ಒಂದು ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಅವರಿಗೂ ನಾಣ್ಯ ಒಂದೂರು, ಪುಸ್ತಕ ಇನ್ನೊಂದೂರು.

ಒಂಬತ್ತನೇ ಶತಮಾನದಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಯ ಭಾಗಕ್ಕೆ ಇಟ್ಟ ಹೆಸರು ಕಲಾಸವರ್ಣ. ಕಲೆ ಎಂದರೆ ಹದಿನಾರನೇ ಒಂದು, ಚಂದ್ರನಿಗೆ ಹದಿನಾರು ಕಲೆ ಅನ್ನುವುದಿಲ್ಲವೇ, ಅದೇ. ಸವರ್ಣ ಎಂದರೆ ಒಂದೇ ಬಣ್ಣದ್ದು. ಛೇದ ಸಮ ಮಾಡುವುದನ್ನು ಒಂದೇ ಬಣ್ಣಕ್ಕೆ ತರುವುದು ಎಂದು ನೋಡಿದ್ದಾರೆ. ನಮ್ಮ ಶಾಲೆಯಲ್ಲಿ ಪ್ಲಾಸ್ಟಿಕ್ ಪಟ್ಟಿಗಳಿವೆ: ಅರ್ಧಗಳಿಗೆ ಒಂದು ಬಣ್ಣ, ಮೂರನೇ ಒಂದುಗಳಿಗೆ ಇನ್ನೊಂದು, ಆರನೇ ಒಂದುಗಳಿಗೆ ಮತ್ತೊಂದು. ಅರ್ಧವನ್ನೂ ಮೂರನೇ ಒಂದನ್ನೂ ಪಕ್ಕದಲ್ಲಿಟ್ಟರೆ ಉತ್ತರಕ್ಕೆ ಹೆಸರಿಲ್ಲ. ಎರಡನ್ನೂ ಆರನೇ ಒಂದುಗಳ ಬಣ್ಣಕ್ಕೆ ಬದಲಿಸಿದರೆ ಮೂರಕ್ಕೆ ಎರಡು ಸೇರಿ ಐದು. ಸಾವಿರದ ಚಿಲ್ಲರೆ ವರ್ಷದ ಹಿಂದಿನ ಹೆಸರಿಗೂ ಈ ಪ್ಲಾಸ್ಟಿಕ್ಕಿಗೂ ಸಂಬಂಧವಿಲ್ಲ, ಗೊತ್ತು. ಆದರೂ ಈಗ ಬಣ್ಣ ಬದಲಿಸಿ ಎಂದೇ ಹೇಳುತ್ತೇನೆ, ಮಕ್ಕಳಿಗೆ ಬೇಗ ಹಿಡಿಸುತ್ತದೆ.

ಈ ಅರ್ಧದ ಅರ್ಧದ ಲೋಕಕ್ಕೆ ಒಂದೇ ಒಂದು ಶತ್ರು, ಮೂರು. ಕಾಲಿಗೆ, ವೀಸಕ್ಕೆ ಇದ್ದ ಹಾಗೆ ಮೂರನೇ ಒಂದಕ್ಕೆ ನಮ್ಮ ಮನೆಮಾತಿನಲ್ಲಿ ಪುಟ್ಟ ಹೆಸರಿಲ್ಲ. ಮರುದಿನ ಕೆಂಡದ ಮೇಲೆ ಉಳಿದದ್ದು ಒಂದೇ ಹಪ್ಪಳ, ತಿನ್ನುವವರು ಮೂವರು. ಪಿಜ್ಜಾದ ಸಂಕಟ ಜಗಲಿಗೂ ಬಂತು ಅಂದುಕೊಂಡೆ. ಅಮ್ಮ ಯೋಚಿಸಲೇ ಇಲ್ಲ. ನಾಲ್ಕು ಮಾಡಿದಳು, ಮೂವರಿಗೂ ಒಂದೊಂದು ಕೊಟ್ಟಳು. ಉಳಿದ ಕಾಲನ್ನು ಮತ್ತೆ ನಾಲ್ಕು ಮಾಡಿ ಮತ್ತೆ ಒಂದೊಂದು ಕೊಟ್ಟಳು. ಉಳಿದ ಚೂರನ್ನು ಬೆಕ್ಕಿಗೆ ಹಾಕಿದಳು. ಕಾಲು ಮತ್ತು ವೀಸ. ಹದಿನಾರರಲ್ಲಿ ಐದೈದು ಎಲ್ಲರಿಗೂ, ಒಂದು ಬೆಕ್ಕಿಗೆ. ಬೆಕ್ಕಿಗೆ ಹಾಕದೆ ಮಾಡುತ್ತಲೇ ಹೋದರೆ ಏನಾಗುತ್ತದೆ ಎಂದಳು ಮಗಳು. ಮುಗಿಯುವುದೇ ಇಲ್ಲ ಅಂದ ಇವನು.

ಆಗ ಅಣ್ಣ ಒಳಗಿನಿಂದ ಪಾಲುಪಟ್ಟಿ ತಂದ. ನಮ್ಮ ಅಪ್ಪ ಮತ್ತು ಇಬ್ಬರು ದೊಡ್ಡಪ್ಪಂದಿರು ತೋಟ ಹಂಚಿಕೊಂಡ ಕಾಗದ. ಮೇಲೆ 2-20 ಎಂದಿತ್ತು. ಮಗಳು ಅದನ್ನು 2.20 ಎಂದು ಓದಿ ಎರಡು ಮತ್ತು ಐದನೇ ಒಂದು ಎಕರೆ ಅಂದಳು, ಚುಕ್ಕಿಯ ಅಭ್ಯಾಸ. ಎಕರೆಗೆ ನಲವತ್ತು ಗುಂಟೆ, ಆದ್ದರಿಂದ ಅದು ಎರಡೂವರೆ ಎಂದು ಇವನು ತಿದ್ದಿದ. ಅಂದರೆ ನೂರು ಗುಂಟೆ. ಮೂವರಿಗೆ ಮೂವತ್ಮೂರು ಗುಂಟೆ, ಒಂದು ಗುಂಟೆ ಉಳಿಯಿತು. ಗುಂಟೆಗೂ ಹದಿನಾರಾಣೆ. ಮೂವರಿಗೆ ಐದೈದಾಣೆ, ಒಂದಾಣೆ ಉಳಿಯಿತು. ಮಕ್ಕಳಿಬ್ಬರೂ ಒಂದೇ ಸಲ ‘ಬೆಕ್ಕು!’ ಎಂದು ಕಿರುಚಿದರು.

ಒಂದಾಣೆ ಜಾಗ ಎಂದರೆ ಅರವತ್ತೆಂಟು ಚದರಡಿ. ಅದನ್ನು ಯಾರಿಗೂ ಬರೆಯದೆ, ಅದರಲ್ಲಿರುವ ಹಲಸಿನ ಮರ ಸಮೇತ ಮೂರೂ ಮನೆಗೆ ಸಾಮಾನ್ಯ ಎಂದು ಹಿರಿಯರು ಬಿಟ್ಟಿದ್ದಾರೆ. ಹಪ್ಪಳದ ಹಲಸು ಅದೇ ಮರದ್ದು. ಮಳೆ ಬಿಟ್ಟ ಮೇಲೆ ಕೊಡೆ ಹಿಡಿದು ಹೋದೆವು. ಕೊನೆಯ ಫಸಲು, ನೀರು ಕುಡಿದ ಏಳು ಕಾಯಿ ಇಳಿಸಿದ್ದರು. ಮನೆಗೆ ಎರಡೆರಡು ಹೋಯಿತು. ಏಳನೆಯದನ್ನು ನಡುವೆ ಇಟ್ಟುಕೊಂಡು ದೊಡ್ಡಪ್ಪ ಕತ್ತಿಗೆ ಎಣ್ಣೆ ಸವರುತ್ತ, ಮೂರು ಪಾಲು ಹೇಗೆ ಬರುತ್ತದೆ ಎಂದು ಕಾಯಿಯನ್ನು ಅತ್ತಿತ್ತ ಉರುಳಿಸಿ ನೋಡುತ್ತಿದ್ದರು.

‘ಮೊದಲು ನಾಲ್ಕು ಮಾಡಿ ದೊಡ್ಡಜ್ಜ’ ಅಂದಳು ಮಗಳು.

‘ಮೂರೇ ಮನೆ ಅಲ್ದನೇ ಹುಡುಗಿ?’

‘ನೀವು ಮಾಡಿ. ಆಮೇಲೆ ಹೇಳ್ತೇವೆ’ ಅಂದ ಇವನು.